ಚೆರ್ರಿ ಹಣ್ಣಿನ ಚಹಾ ಕುಡಿದರೆ ಯೂರಿಕ್ ಆಸಿಡ್ ಇಳಿಯುತ್ತದಾ? ಮನೆಯಲ್ಲಿ ಮಾಡೋದು ಹೇಗೆ?

ಕೋಟೆ ಬೀದಿ, ಬಳ್ಳಾರಿ
ಎಲ್ಲರಿಗೂ ನಮಸ್ಕಾರ. ನಮ್ಮ ಅಪ್ಪನಿಗೆ ಯೂರಿಕ್ ಆಸಿಡ್ ಜಾಸ್ತಿ ಇದೆ. ಬೇಸಿಗೆ ಬಂತು ಅಂದ್ರೆ ಕಾಲಿನ ಹೆಬ್ಬೆರಳು ಕೆಂಪಗೆ ಬಾತುಕೊಳ್ಳುತ್ತದೆ. ಹೊದಿಕೆ ತಾಗಿದರೂ ಕೂಗಿಕೊಳ್ಳುವಷ್ಟು ನೋವು. ಡಾಕ್ಟರು ಗೌಟ್ (ಯೂರಿಕ್ ಆಸಿಡ್ ಹರಳು ಕಟ್ಟಿ ಬರುವ ಕೀಲುನೋವು) ಅಂತ ಹೇಳಿ ದಿನಾ ನುಂಗೋಕೆ ಒಂದು ಗುಳಿಗೆ ಬರೆದುಕೊಟ್ಟಿದ್ದಾರೆ.

ಮೊನ್ನೆ ಬೆಂಗಳೂರಿನಿಂದ ತಂಗಿ ಕಾಶ್ಮೀರದ ಚೆರ್ರಿ ಕಳಿಸಿದಳು. ಅದರ ಬೆನ್ನಿಗೇ ವಾಟ್ಸಾಪ್‌ನಲ್ಲಿ ಯಾರೋ ಒಂದು ವಿಡಿಯೋ ಹಾಕಿದರು. ಚೆರ್ರಿ ಚಹಾ ಕುಡಿದರೆ ಗೌಟ್ ಹೋಗುತ್ತದಂತೆ, ಒಳ್ಳೆ ನಿದ್ದೆ ಬರುತ್ತದಂತೆ, ಶುಗರ್ ಇಳಿಯುತ್ತದಂತೆ, ಹೊಟ್ಟೆ ಕರಗುತ್ತದಂತೆ. ಅಪ್ಪ ಅದನ್ನು ನೋಡಿ, "ಇನ್ನು ಗುಳಿಗೆ ಯಾಕೆ? ಇದನ್ನೇ ಕುಡಿಯುತ್ತೀನಿ" ಅಂತ ಹಟ ಹಿಡಿದಿದ್ದಾರೆ.

ಇದರಲ್ಲಿ ನಿಜ ಎಷ್ಟು? ಚಹಾ ಮಾಡುವ ಸರಿಯಾದ ರೀತಿ ಯಾವುದು? ಈ ಹಣ್ಣು ಮುಗಿದ ಮೇಲೆ ಬೇಕರಿಯಲ್ಲಿ ಸಿಗುವ ಕೆಂಪು ಚೆರ್ರಿ ತಂದು ಮಾಡಬಹುದಾ? ಗೊತ್ತಿದ್ದವರು ದಯವಿಟ್ಟು ಹೇಳಿ.

ಗಂಗಾವತಿ ಭತ್ತ
ಮೊದಲು ಗುಳಿಗೆ ಬಿಡದಂತೆ ನೋಡಿಕೊಳ್ಳಿ. ಚಹಾದ ಮಾತು ಆಮೇಲೆ.

ಸಂಡೂರು ಬೆಟ್ಟ
ಬೇಕರಿ ಚೆರ್ರಿ ಬೇಡವೇ ಬೇಡ. ಕೇಕ್ ಮೇಲೆ, ಪಾನ್ ಒಳಗೆ ಇಡೋದು ಹೆಚ್ಚಾಗಿ ಚೆರ್ರಿನೇ ಅಲ್ಲ, ನಮ್ಮ ಕವಳಿಕಾಯಿ. ಬೀಜ ತೆಗೆದು, ಸಕ್ಕರೆ ಪಾಕದಲ್ಲಿ ನೆನೆಸಿ, ಬಣ್ಣ ಹಾಕಿರುತ್ತಾರೆ. ಅದನ್ನು ನೀರಿಗೆ ಹಾಕಿ ಕುದಿಸಿದರೆ ಬಣ್ಣದ ಸಕ್ಕರೆ ನೀರು ಸಿಗುತ್ತದೆ, ಅಷ್ಟೇ.

ಸಿಂಧನೂರು ಕಾಲುವೆ
ಅದು ಪಪ್ಪಾಯಿ ಅಲ್ವಾ? ಹಸಿ ಪಪ್ಪಾಯಿಯಿಂದ ಮಾಡ್ತಾರೆ ಅಂತ ಕೇಳಿದ್ದೆ.

ಸಂಡೂರು ಬೆಟ್ಟ
ಪಪ್ಪಾಯಿಯಿಂದ ಮಾಡೋದು ಟೂಟಿ ಫ್ರೂಟಿ, ಬನ್ನಿನೊಳಗಿನ ಚೌಕ ಚೂರುಗಳು. ಗುಂಡಗೆ ಇರೋದು ಕವಳಿ. ನಮ್ಮ ಕಡೆ ಗುಡ್ಡದಲ್ಲಿ ಮುಳ್ಳಿನ ಪೊದೆ ತುಂಬಾ ಸಿಗುತ್ತದೆ. ಕಿತ್ತರೆ ಹಾಲು ಸುರಿಯುತ್ತದೆ, ಉಪ್ಪಿನಕಾಯಿಗೆ ಅದಕ್ಕಿಂತ ಒಳ್ಳೆ ಕಾಯಿ ಇಲ್ಲ. ಹಣ್ಣಾಗಿ ಕಪ್ಪಾದ ಮೇಲೆ ಹಾಗೇ ತಿನ್ನಬಹುದು. ಅಂಥ ಒಳ್ಳೆ ಹಣ್ಣಿಗೆ ಬಣ್ಣ ಬಳಿದು ಬೇರೆ ಹೆಸರಲ್ಲಿ ಮಾರ್ತಾರಲ್ಲ ಅಂತ ಬೇಜಾರು.

ಲಿಂಗಸುಗೂರು ಔಷಧಿ ಅಂಗಡಿ
ಆ ಬಣ್ಣದ ಬಗ್ಗೆ ಒಂದು ಮಾತು. ಸಾಮಾನ್ಯವಾಗಿ ಹಾಕೋದು ಎರಿಥ್ರೋಸಿನ್. ನಮ್ಮಲ್ಲಿ ಮಿತಿಯೊಳಗೆ ಅದಕ್ಕೆ ಅನುಮತಿ ಇದೆ. ಅಮೆರಿಕದವರು 2025ರ ಜನವರಿಯಲ್ಲಿ ಆಹಾರದಲ್ಲಿ ಅದನ್ನು ಬಳಸಬಾರದು ಅಂತ ಆದೇಶ ಮಾಡಿದರು. ಕಂಪನಿಗಳಿಗೆ 2027ರ ಜನವರಿವರೆಗೆ ಸಮಯ ಕೊಟ್ಟಿದ್ದಾರೆ. ಹಬ್ಬದ ಕೇಕಿನ ಮೇಲೆ ಒಂದು ತಿಂದರೆ ಯಾರೂ ಹೆದರಬೇಕಿಲ್ಲ. ದಿನಾ ಔಷಧಿ ಅಂತ ಕುದಿಸಿ ಕುಡಿಯೋದು ಬೇರೆ ವಿಷಯ.

ರಾಯಚೂರು ಪಥ್ಯ
ನಾನು ಆಹಾರ ಸಲಹೆಗಾರ್ತಿ. ಕೋಟೆ ಬೀದಿಯವರೇ, ನಿಮ್ಮ ಮೊದಲ ಪ್ರಶ್ನೆಗೆ ಸ್ವಲ್ಪ ಉದ್ದಕ್ಕೇ ಉತ್ತರ ಕೊಡಬೇಕಾಗುತ್ತದೆ.

ಚೆರ್ರಿಗೂ ಗೌಟ್‌ಗೂ ಸಂಬಂಧ ಇದೆ ಅನ್ನೋದು ಪೂರ್ತಿ ಸುಳ್ಳಲ್ಲ. 2012ರಲ್ಲಿ ಬೋಸ್ಟನ್ ವಿಶ್ವವಿದ್ಯಾಲಯದವರು 633 ಗೌಟ್ ರೋಗಿಗಳನ್ನು ಗಮನಿಸಿ ಒಂದು ಅಧ್ಯಯನ ಪ್ರಕಟಿಸಿದರು. ಎರಡು ದಿನದ ಅವಧಿಯಲ್ಲಿ ಚೆರ್ರಿ ತಿಂದವರಿಗೆ, ತಿನ್ನದೇ ಇದ್ದಾಗಿನದಕ್ಕಿಂತ ನೋವು ಏಳುವ ಸಾಧ್ಯತೆ ಶೇ. 35ರಷ್ಟು ಕಡಿಮೆ ಕಂಡಿತು. ಈಗ ಮುಖ್ಯ ಮಾತು ಕೇಳಿ. ಚೆರ್ರಿ ಜೊತೆಗೆ ಯೂರಿಕ್ ಆಸಿಡ್ ಇಳಿಸುವ ಅಲೋಪ್ಯೂರಿನಾಲ್ ಗುಳಿಗೆಯನ್ನೂ ತಗೊಂಡಾಗ ಅದು ಶೇ. 75ರಷ್ಟು ಕಡಿಮೆ ಇತ್ತು. ಅಂದರೆ ಆ ಅಧ್ಯಯನವನ್ನೇ ನಂಬುವುದಾದರೂ ಗುಳಿಗೆ ಬಿಡೋಕೆ ಅದರಲ್ಲಿ ಯಾವ ಆಧಾರವೂ ಇಲ್ಲ. ನಿಮ್ಮ ತಂದೆಯವರಿಗೆ ಇದನ್ನೇ ಓದಿ ಹೇಳಿ.

ಇನ್ನೊಂದು ವಿಷಯ. ಅದರಲ್ಲಿದ್ದವರು ಹಣ್ಣು ತಿಂದವರು, ಇಲ್ಲ ಚೆರ್ರಿ ಸಾರ ತಗೊಂಡವರು. ಚಹಾ ಕುಡಿದವರಲ್ಲ.

ಮಾನ್ವಿ ಮೇಷ್ಟ್ರು
ಪಥ್ಯ ಅವರೇ, ಅದು ಬರೀ ಗಮನಿಸಿ ನೋಡಿದ ಅಧ್ಯಯನ. ಹಣ್ಣು ತಿನ್ನುವವರು ಬೇರೆ ವಿಷಯದಲ್ಲೂ ಜಾಗ್ರತೆ ಇರಬಹುದಲ್ಲ? ನ್ಯೂಜಿಲೆಂಡಿನವರು 50 ಗೌಟ್ ರೋಗಿಗಳನ್ನು ತಗೊಂಡು 28 ದಿನ ಹುಳಿ ಚೆರ್ರಿಯ ಗಟ್ಟಿ ರಸ ಕೊಟ್ಟು ನೋಡಿದರು. ರಕ್ತದ ಯೂರಿಕ್ ಆಸಿಡ್ ಇಳಿಯಲಿಲ್ಲ. 2020ರಲ್ಲಿ ಅದು ಪ್ರಕಟವಾಯಿತು. ಅದನ್ನೂ ಹೇಳಬೇಕು.

ರಾಯಚೂರು ಪಥ್ಯ
ಸರಿ ಮೇಷ್ಟ್ರೇ, ಅದನ್ನು ನಾನೂ ಒಪ್ಪುತ್ತೇನೆ. ಆದರೆ ಎರಡೂ ಒಂದೇ ಪ್ರಶ್ನೆ ಕೇಳಿದ ಅಧ್ಯಯನಗಳಲ್ಲ. ಒಂದು ನೋವು ಏಳೋದನ್ನು ನೋಡಿತು, ಇನ್ನೊಂದು ರಕ್ತದ ಲೆಕ್ಕ ನೋಡಿತು. ಚೆರ್ರಿಯ ಕೆಂಪು ಬಣ್ಣಕ್ಕೆ ಕಾರಣವಾದ ಆಂಥೋಸಯನಿನ್ ಉರಿಯೂತ ತಗ್ಗಿಸಬಹುದು ಅನ್ನೋದು ಒಂದು ವಾದ. ಅದು ನಿಜವಾದರೂ ಯೂರಿಕ್ ಆಸಿಡ್ ಇಳಿಸುವ ಕೆಲಸ ಗುಳಿಗೆಯದ್ದೇ.

ಕುಷ್ಟಗಿ ದಾಳಿಂಬೆ
ಎಲ್ಲಾ ಸರಿ ರೀ. ಆದ್ರೆ ಕಾಶ್ಮೀರದಿಂದ ವಿಮಾನದಲ್ಲಿ ಬರುವ ಹಣ್ಣಿಗೆ ಅಷ್ಟು ದುಡ್ಡು ಕೊಡೋದು ಯಾಕೆ? ನಮ್ಮ ಕುಷ್ಟಗಿ, ಯಲಬುರ್ಗಾ ಕಡೆ ದಾಳಿಂಬೆ ಇದೆ. ಬಳ್ಳಾರಿ ಅಂಜೂರ ಅಂತ ತಳಿಗೇ ಊರಿನ ಹೆಸರಿದೆ. ಮಳೆಗಾಲದ ಶುರುವಿಗೆ ನೇರಳೆ ಬರುತ್ತದೆ. ನೇರಳೆ ತಿಂದು ನಾಲಿಗೆ ನೇರಳೆ ಆಗುತ್ತಲ್ಲ, ಅದೂ ಇದೇ ಆಂಥೋಸಯನಿನ್. ಹೊರಗಿನದು ಅಂದ ಕೂಡಲೇ ಔಷಧಿ, ನಮ್ಮದು ಅಂದ್ರೆ ಸುಮ್ನೆ ಹಣ್ಣು. ಈ ಬುದ್ಧಿ ಯಾವಾಗ ಹೋಗುತ್ತೋ!

ಕೋಟೆ ಬೀದಿ, ಬಳ್ಳಾರಿ
ಅಣ್ಣಾ, ನಾನು ದುಡ್ಡು ಕೊಟ್ಟು ತಂದಿಲ್ಲ. ತಂಗಿ ಪ್ರೀತಿಯಿಂದ ಕಳಿಸಿದ್ದು. ಮನೆಯಲ್ಲಿ ಇದೆ, ಹಾಳಾಗೋಕೆ ಮುಂಚೆ ಸರಿಯಾಗಿ ಬಳಸಬೇಕು ಅಂತ ಕೇಳ್ತಿದ್ದೀನಿ.

ಮಾಜಿ ಸೈನಿಕ, ಸಿರುಗುಪ್ಪ
ಹಾಗಾದ್ರೆ ಮೊದಲು ಹಣ್ಣು ಉಳಿಸಿಕೊಳ್ಳಿ. ನಾನು ಶ್ರೀನಗರ ಕಡೆ ಕೆಲಸ ಮಾಡಿದವನು. ಅಲ್ಲಿ ಶೋಪಿಯಾನ್, ಗಾಂದರ್‌ಬಲ್ ಕಡೆಯ ತೋಟಗಳಿಂದ ಮೇ ನಡುವಿನಿಂದ ಹಣ್ಣು ಶುರು, ಜುಲೈಗೆ ಮುಗಿಯಿತು. ಮಿಶ್ರಿ, ಮಖ್ಮಲಿ, ಡಬಲ್ ಅಂತ ಬೇರೆ ಬೇರೆ ಜಾತಿ. ಹಿಮಾಚಲದಲ್ಲಿ ಶಿಮ್ಲಾ ಮೇಲಿನ ನಾರ್ಕಂಡ, ಕೋಟ್‌ಗಢ ಕಡೆಯೂ ಬೆಳೆಯುತ್ತಾರೆ.

ತೋಟದವರು ಹೇಳೋದು ಇಷ್ಟು. ತೊಟ್ಟು ಕೀಳಬೇಡಿ, ತೊಳೆದು ಇಡಬೇಡಿ. ತೇವ ತಾಗಿದರೆ ಬೂಸ್ಟು ಹಿಡಿಯುತ್ತದೆ. ಒಡೆದ ಹಣ್ಣು ಬೇರೆ ತೆಗೆದು, ಉಳಿದದ್ದನ್ನು ಫ್ರಿಜ್‌ನಲ್ಲಿ ಇಡಿ. ತಿನ್ನುವಾಗ ಮಾತ್ರ ತೊಳೆಯಿರಿ. ನಮ್ಮ ಬಿಸಿಲಿಗೆ ಹೊರಗಿಟ್ಟರೆ ಒಂದೇ ದಿನದಲ್ಲಿ ಕೈಬಿಡುತ್ತದೆ.

ಯಲಬುರ್ಗಾ ಜೋಳ
ಸಾರ್, ಚೆರ್ರಿ ಗಿಡ ನಮ್ಮ ಕಡೆ ಹಾಕಿದರೆ ಬರುತ್ತಾ? ಆನ್‌ಲೈನ್‌ನಲ್ಲಿ ಸಸಿ ಮಾರುತ್ತಾರೆ.

ಮಾಜಿ ಸೈನಿಕ, ಸಿರುಗುಪ್ಪ
ಬರಲ್ಲ ತಮ್ಮಾ. ಚಳಿಗಾಲದಲ್ಲಿ ಗಿಡ ಎಲೆ ಉದುರಿಸಿ ಮಲಗಬೇಕು. 7 ಡಿಗ್ರಿಗಿಂತ ಕೆಳಗಿನ ಚಳಿ ನೂರಾರು ಗಂಟೆ ಸಿಗಬೇಕು. ಆಗ ಮಾತ್ರ ಹೂ ಬಿಡೋದು. ನಮ್ಮ ಡಿಸೆಂಬರ್ ಅದಕ್ಕೆ ಏನೂ ಸಾಲದು. ಸಂಡೂರಿನಲ್ಲೂ ಆಗಲ್ಲ.

ಹೂವಿನ ಸಂತೆ, ಕೊಪ್ಪಳ
ಸಸಿ ಅಂತ ಮಾರೋದು ಹೆಚ್ಚಾಗಿ ಬಾರ್ಬಡೋಸ್ ಚೆರ್ರಿ. ಅದು ಬೇರೆ ಜಾತಿಯ ಗಿಡ, ಸೆಕೆ ತಡೆಯುತ್ತದೆ. ನಮ್ಮ ಹಿತ್ತಲಲ್ಲಿದೆ. ಹುಳಿ ಹಣ್ಣು. ವಿಟಮಿನ್ ಸಿ ವಿಷಯದಲ್ಲಿ ಕಾಶ್ಮೀರದ ಚೆರ್ರಿ ಇದರ ಹತ್ತಿರಕ್ಕೂ ಬರಲ್ಲ. 100 ಗ್ರಾಂಗೆ ಸಾವಿರ ಮಿಲಿಗ್ರಾಂ ದಾಟುತ್ತದೆ, ಸಿಹಿ ಚೆರ್ರಿಯಲ್ಲಿ ಸುಮಾರು 7 ಮಿಲಿಗ್ರಾಂ.

ಸಿಂಧನೂರು ಕಾಲುವೆ
ನಮ್ಮ ಶಾಲೆ ಮುಂದಿನ ಗಸಗಸೆ ಹಣ್ಣಿನ ಮರಕ್ಕೂ ಸಿಂಗಾಪುರ್ ಚೆರ್ರಿ ಅಂತಾರೆ ಅಲ್ವಾ? ಮಕ್ಕಳು ಮರ ಬಿಟ್ಟು ಇಳಿಯಲ್ಲ.

ಹೂವಿನ ಸಂತೆ, ಕೊಪ್ಪಳ
ಹೌದು, ಆದ್ರೆ ಅದೂ ಬೇರೆ ಮರ. ಚೆರ್ರಿ ಬಗ್ಗೆ ಓದಿದ ಗುಣಗಳನ್ನೆಲ್ಲ ಗಸಗಸೆ ಹಣ್ಣಿಗೆ ಅಂಟಿಸೋಕೆ ಆಗಲ್ಲ. ಮಕ್ಕಳು ತಿನ್ನಲಿ, ಚೆನ್ನಾಗಿರುತ್ತದೆ.

ಕೊಪ್ಪಳದ ಅಡುಗೆಮನೆ
ಯಾರೂ ಚಹಾ ಮಾಡೋದು ಹೇಳಲೇ ಇಲ್ವಲ್ಲಾ! ನಾನು ಹೇಳ್ತೀನಿ ತಮ್ಮಾ.

ಇಬ್ಬರಿಗೆ ಹದಿನೈದು ಹಣ್ಣು ಸಾಕು. ತೊಳೆದು, ತೊಟ್ಟು ತೆಗೆದು, ಬೀಜ ಬಿಡಿಸಬೇಕು. ಬೀಜ ಬಿಡಿಸೋಕೆ ಒಂದು ಸುಲಭ ದಾರಿ ಇದೆ. ಖಾಲಿ ಗಾಜಿನ ಬಾಟಲಿಯ ಬಾಯಿ ಮೇಲೆ ಹಣ್ಣಿಟ್ಟು ಮೊಂಡ ಕಡ್ಡಿಯಿಂದ ನಡುವೆ ಒತ್ತಿ. ಬೀಜ ಬಾಟಲಿಯೊಳಗೆ ಬೀಳುತ್ತದೆ, ಹಣ್ಣು ಮೇಲೆ ಉಳಿಯುತ್ತದೆ. ಅಂಗಿ ಮೇಲೆ ರಸ ಹಾರಿದರೆ ಕಲೆ ಹೋಗಲ್ಲ, ಹಳೆ ಬಟ್ಟೆ ಹಾಕ್ಕೊಂಡು ಕೂತ್ಕೊಳ್ಳಿ.

ಆಮೇಲೆ ಸ್ಟೀಲ್ ಪಾತ್ರೆಗೆ ಹಣ್ಣು ಹಾಕಿ ಸೌಟಿನ ಹಿಂಬದಿಯಿಂದ ಜಜ್ಜಿ. ಎರಡು ಲೋಟ ನೀರು, ಒಂದು ಚೂರು ಶುಂಠಿ, ಬೆರಳ ತುದಿಯಷ್ಟು ಚಕ್ಕೆ. ಸಣ್ಣ ಉರಿಯಲ್ಲಿ ಮುಚ್ಚಿ ಎಂಟು ಹತ್ತು ನಿಮಿಷ. ನಮ್ಮ ಹಾಲಿನ ಚಹಾ ಕುದಿಸಿದ ಹಾಗೆ ಉಕ್ಕಿ ಉಕ್ಕಿ ಕುದಿಸಬೇಡಿ, ಜಾಸ್ತಿ ಕುದ್ದರೆ ಬಣ್ಣವೂ ಕೆಡುತ್ತದೆ, ವಾಸನೆಯೂ ಜಾಮ್ ತರ ಆಗುತ್ತದೆ. ಒಲೆ ಆರಿಸಿದ ಮೇಲೆ ಅರ್ಧ ಚಮಚ ಚಹಾ ಪುಡಿ ಹಾಕಿ ಎರಡು ನಿಮಿಷ ಮುಚ್ಚಿಡಿ. ಸೋಸಿ, ನಾಲ್ಕು ಹನಿ ಲಿಂಬೆ ಹಿಂಡಿ.

ರಾತ್ರಿ ಕುಡಿಯೋದಾದರೆ ಚಹಾ ಪುಡಿ ಬಿಟ್ಟೇ ಮಾಡಿ. ಸೋಸಿದ ಮೇಲೆ ಉಳಿದ ಹಣ್ಣನ್ನು ಬಿಸಾಡಬೇಡಿ. ನಾರು ಅದರಲ್ಲೇ ಇರೋದು. ಮೊಸರಿಗೆ ಕಲಸಿ ತಿನ್ನಿ, ಚೆನ್ನಾಗಿರುತ್ತದೆ.

ಗಂಗಾವತಿ ಭತ್ತ
ಅಕ್ಕಾ, ಹಾಲು?

ಕೊಪ್ಪಳದ ಅಡುಗೆಮನೆ
ಬೇಡ. ಹಣ್ಣಿನ ಹುಳಿಗೆ ಹಾಲು ಒಡೆಯುತ್ತದೆ. ಅಲ್ಯೂಮಿನಿಯಂ ಪಾತ್ರೆಯೂ ಬೇಡ.

ಲಿಂಗಸುಗೂರು ಔಷಧಿ ಅಂಗಡಿ
ಬೀಜ ಬಿಡಿಸೋ ಮಾತು ಬಂತಲ್ಲ, ಅದನ್ನು ಯಾರೂ ಹಗುರಾಗಿ ತಗೋಬೇಡಿ. ಕೆಲವರು ಹಣ್ಣನ್ನು ಬೀಜದ ಸಮೇತ ಮಿಕ್ಸಿಗೆ ಹಾಕ್ತಾರೆ. ಬೀಜದೊಳಗಿನ ತಿರುಳಿನಲ್ಲಿ ಅಮಿಗ್ಡಲಿನ್ ಇರುತ್ತದೆ. ಪುಡಿಯಾದರೆ ಹೊಟ್ಟೆಯಲ್ಲಿ ಸಯನೈಡ್ ಆಗುತ್ತದೆ. ಬಾಯಿ ತಪ್ಪಿ ಒಂದು ಬೀಜ ಇಡಿಯಾಗಿ ನುಂಗಿದರೆ ದೊಡ್ಡವರಿಗೆ ಏನೂ ಆಗಲ್ಲ, ಗಟ್ಟಿ ಓಡು ಹಾಗೇ ಹೊರಗೆ ಹೋಗುತ್ತದೆ. ಅರೆಯೋದು, ಕುಟ್ಟೋದು ಮಾತ್ರ ಮಾಡಬೇಡಿ. ಚಿಕ್ಕ ಮಕ್ಕಳಿಗೆ ಬೀಜ ಗಂಟಲಿಗೆ ಸಿಕ್ಕಿಕೊಳ್ಳುವ ಭಯ ಬೇರೆ.

ಯಲಬುರ್ಗಾ ಜೋಳ
ನಮ್ಮ ಮನೆಯಲ್ಲಿ ಒಮ್ಮೆ ಇದೇ ಚಹಾ ಮಾಡಿದ್ವಿ. ಕೆಂಪಗೆ ಬರಲೇ ಇಲ್ಲ. ಒಂಥರಾ ಮಂಕು ನೇರಳೆ ಬಣ್ಣ. ಹಣ್ಣು ಚೆನ್ನಾಗೇ ಇತ್ತು.

ಮಾನ್ವಿ ಮೇಷ್ಟ್ರು
ಬೋರ್ ನೀರು ಹಾಕಿದ್ರಾ?

ಯಲಬುರ್ಗಾ ಜೋಳ
ಹೌದು ಸಾರ್, ನಮಗೆ ಬೋರೇ ಗತಿ.

ಮಾನ್ವಿ ಮೇಷ್ಟ್ರು
ಅದೇ ಕಾರಣ. ಆಂಥೋಸಯನಿನ್ ಹುಳಿಯಲ್ಲಿ ಕೆಂಪು, ಕ್ಷಾರದಲ್ಲಿ ನೀಲಿ ಕಡೆಗೆ ತಿರುಗುತ್ತದೆ. ನಮ್ಮ ಬೋರ್ ನೀರು ಸ್ವಲ್ಪ ಕ್ಷಾರದ ಕಡೆಗೇ ಇರುತ್ತದೆ. ಅದಕ್ಕೇ ಅಡುಗೆಮನೆ ಅಕ್ಕ ಲಿಂಬೆ ಹಿಂಡಿ ಅಂದದ್ದು. ನಾಲ್ಕು ಹನಿ ಬಿದ್ದ ಕೂಡಲೇ ಕಣ್ಣೆದುರೇ ಕೆಂಪಾಗುತ್ತದೆ. ನಾನು ಮಕ್ಕಳಿಗೆ ದಾಸವಾಳದ ಹೂವಿನ ನೀರಿನಲ್ಲಿ ಇದನ್ನೇ ತೋರಿಸ್ತೀನಿ. ಒಂದು ಲೋಟಕ್ಕೆ ಲಿಂಬೆ, ಇನ್ನೊಂದಕ್ಕೆ ಅಡುಗೆ ಸೋಡಾ.

ಆದರೆ ಬಣ್ಣಕ್ಕಿಂತ ದೊಡ್ಡ ವಿಷಯ ಒಂದಿದೆ. ಕೊಪ್ಪಳ, ರಾಯಚೂರು ಜಿಲ್ಲೆಗಳ ಎಷ್ಟೋ ಹಳ್ಳಿಗಳಲ್ಲಿ ಬೋರ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಅನ್ನೋದು ವಿಶ್ವ ಆರೋಗ್ಯ ಸಂಸ್ಥೆಯ ಮಿತಿ. ಕುದಿಸಿದರೆ ಫ್ಲೋರೈಡ್ ಹೋಗಲ್ಲ. ನೀರು ಆವಿಯಾದಷ್ಟೂ ಅದು ಗಟ್ಟಿಯಾಗುತ್ತದೆ. ಜೊತೆಗೆ ಚಹಾ ಎಲೆ ತಾನೇ ಮಣ್ಣಿನಿಂದ ಫ್ಲೋರೈಡ್ ಎಳೆದುಕೊಂಡಿರುತ್ತದೆ. ಅದಕ್ಕೆ ಯಾವ ಕಷಾಯ ಮಾಡಿದರೂ, ಚೆರ್ರಿಯದಾಗಲಿ ಶುಂಠಿಯದಾಗಲಿ, ಶುದ್ಧ ನೀರಿನ ಘಟಕದ ನೀರು ಅಥವಾ ಹೊಳೆ ನೀರು ಬಳಸಿ. ಆರೋಗ್ಯಕ್ಕೆ ಅಂತ ಕುಡಿಯುವ ಚಹಾದಿಂದಲೇ ಹಲ್ಲು, ಮೂಳೆ ಕೆಡಬಾರದು.

ಯಲಬುರ್ಗಾ ಜೋಳ
ಇದು ಬಹಳ ಉಪಯೋಗದ ಮಾತು ಸಾರ್. ನಮ್ಮೂರಲ್ಲಿ ಮಕ್ಕಳ ಹಲ್ಲಿನ ಮೇಲೆ ಕಂದು ಪಟ್ಟೆ ಇದೆ. ಘಟಕದ ನೀರು ಕುಡಿಯೋಕೆ ಮಾತ್ರ ತರ್ತೀವಿ, ಅಡುಗೆಗೂ ಚಹಾಕ್ಕೂ ಬೋರ್ ನೀರೇ. ಇನ್ನು ಮೇಲೆ ಹೇಳ್ತೀನಿ ಮನೆಯಲ್ಲಿ.

ಗಂಗಾವತಿ ಭತ್ತ
ಸಕ್ಕರೆ ಬದಲು ಜೇನು ಹಾಕಿದರೆ ಯೂರಿಕ್ ಆಸಿಡ್‌ಗೆ ತೊಂದರೆ ಇಲ್ಲ ತಾನೇ?

ರಾಯಚೂರು ಪಥ್ಯ
ಇದೆ. ಇದನ್ನೇ ಹೇಳಬೇಕು ಅಂದುಕೊಂಡಿದ್ದೆ. ಫ್ರಕ್ಟೋಸ್ ಅನ್ನುವ ಒಂದು ಬಗೆಯ ಸಕ್ಕರೆ ದೇಹದಲ್ಲಿ ಕರಗುವಾಗ ಯೂರಿಕ್ ಆಸಿಡ್ ಹುಟ್ಟುತ್ತದೆ. ಸಕ್ಕರೆಯಲ್ಲಿ ಅರ್ಧ ಫ್ರಕ್ಟೋಸ್. ಜೇನಿನಲ್ಲೂ ಫ್ರಕ್ಟೋಸ್ ತುಂಬಾ ಇದೆ. ಬೆಲ್ಲವೂ ಅಷ್ಟೇ. ಮೂರು ಚಮಚ ಸಕ್ಕರೆ ಹಾಕಿ ಗೌಟ್‌ಗೆ ಚೆರ್ರಿ ಚಹಾ ಕುಡಿದರೆ ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಂಡ ಹಾಗೆ. ಹಣ್ಣಿನಲ್ಲೇ 100 ಗ್ರಾಂಗೆ ಸುಮಾರು 13 ಗ್ರಾಂ ಸಕ್ಕರೆ ಅಂಶ ಇದೆ, ಅದೇ ಸಾಕು.

ಶುಗರ್ ಇಳಿಸುತ್ತದೆ ಅಂತ ವಿಡಿಯೋದಲ್ಲಿ ಹೇಳಿದ್ದಾರಂತೆ. ಹಾಗೆ ನಂಬಬೇಡಿ. ಶುಗರ್ ಇದ್ದವರು ಒಂದು ಹಿಡಿ ಹಣ್ಣು ಲೆಕ್ಕ ಇಟ್ಟು ತಿನ್ನಬಹುದು. ಔಷಧಿಯ ಜಾಗಕ್ಕೆ ಅದು ಬರಲ್ಲ. ಹೊಟ್ಟೆ ಕರಗಿಸುವ ಮಾತಂತೂ ಬಿಟ್ಟೇಬಿಡಿ.

ಸಿಂಧನೂರು ಕಾಲುವೆ
ನಿದ್ದೆ? ನನಗೆ ಅದೇ ಬೇಕಾಗಿರೋದು. ಏಪ್ರಿಲ್, ಮೇ ರಾತ್ರಿಗಳಲ್ಲಿ ಕರೆಂಟ್ ಹೋದರೆ ಬೆಳಗಿನ ಜಾವದವರೆಗೂ ಕಣ್ಣು ಮುಚ್ಚಲ್ಲ.

ಲಿಂಗಸುಗೂರು ಔಷಧಿ ಅಂಗಡಿ
ಚೆರ್ರಿಯಲ್ಲಿ ನಿದ್ದೆಗೆ ನೆರವಾಗುವ ಮೆಲಟೋನಿನ್ ಅನ್ನುವ ಹಾರ್ಮೋನ್ ಇರೋದು ನಿಜ. ಎಷ್ಟು ಅನ್ನೋದು ಕೇಳಿ. ಮಾಂಟ್‌ಮೊರೆನ್ಸಿ ಅನ್ನುವ ಹುಳಿ ಚೆರ್ರಿಯಲ್ಲಿ ಗ್ರಾಂಗೆ ಸುಮಾರು 13 ನ್ಯಾನೋಗ್ರಾಂ. 100 ಗ್ರಾಂ ತಿಂದರೆ ಒಂದು ಮೈಕ್ರೋಗ್ರಾಂ ಚಿಲ್ಲರೆ. ನಿದ್ದೆಗೆ ಕೊಡುವ ಮೆಲಟೋನಿನ್ ಗುಳಿಗೆ 3 ಮಿಲಿಗ್ರಾಂ ಇರುತ್ತದೆ, ಅಂದರೆ 3000 ಮೈಕ್ರೋಗ್ರಾಂ. ಹುಳಿ ಚೆರ್ರಿ ರಸ ಕುಡಿಸಿ ನಿದ್ದೆ ಸ್ವಲ್ಪ ಸುಧಾರಿಸಿತು ಅನ್ನುವ ಪ್ರಯೋಗಗಳು ಇವೆ. ಆದರೆ ಹದಿನೈದು, ಇಪ್ಪತ್ತು ಜನರ ಮೇಲೆ ಮಾಡಿದ ಸಣ್ಣ ಪ್ರಯೋಗಗಳು. ಕಾಶ್ಮೀರದಿಂದ ಬರೋದು ಸಿಹಿ ಚೆರ್ರಿ, ಹುಳಿಯದಲ್ಲ.

ಕೊಪ್ಪಳದ ಅಡುಗೆಮನೆ
ರಾತ್ರಿ ಬಿಸಿಯಾಗಿ ಏನಾದರೂ ಕುಡಿದು, ಫೋನ್ ಪಕ್ಕಕ್ಕಿಟ್ಟು ಕೂತರೆ ನಿದ್ದೆ ಬರುತ್ತದೆ. ಅದಕ್ಕೆ ಚೆರ್ರಿನೇ ಆಗಬೇಕಿಲ್ಲ.

ಸಿಂಧನೂರು ಕಾಲುವೆ
ಮೇ ತಿಂಗಳಲ್ಲಿ ಬಿಸಿ ಚಹಾ ಯಾರು ಕುಡೀತಾರೆ ಅಕ್ಕಾ!

ಕೊಪ್ಪಳದ ಅಡುಗೆಮನೆ
ಸಂಜೆ ಒಗ್ಗರಣೆ, ಮಿರ್ಚಿ ಜೊತೆ ಎರಡು ಕಪ್ ಬಿಸಿ ಚಹಾ ಕುಡೀತೀರಲ್ಲ, ಆಗ ಸೆಕೆ ಇರಲ್ವಾ? ಇದನ್ನು ಮಣ್ಣಿನ ಗಡಿಗೆ ಪಕ್ಕ ಇಟ್ಟು ತಣ್ಣಗೆ ಮಾಡಿಯೂ ಕುಡಿಯಬಹುದು.

ಮಾನ್ವಿ ಮೇಷ್ಟ್ರು
ಸೆಕೆಯ ಮಾತು ಬಂದದ್ದು ಒಳ್ಳೇದಾಯ್ತು. ಕೋಟೆ ಬೀದಿಯವರು ಬೇಸಿಗೆಯಲ್ಲೇ ನೋವು ಜಾಸ್ತಿ ಅಂದಿದ್ದರು. 2014ರಲ್ಲಿ ಬೋಸ್ಟನ್‌ನವರದ್ದೇ ಇನ್ನೊಂದು ಅಧ್ಯಯನ ಬಂತು. ಬಿಸಿಲು ಜಾಸ್ತಿ, ಗಾಳಿಯಲ್ಲಿ ತೇವ ಕಡಿಮೆ ಇದ್ದ ದಿನಗಳಲ್ಲಿ ಗೌಟ್ ನೋವು ಏಳೋದು ಹೆಚ್ಚು ಅಂತ ಕಂಡಿತು. ಬಳ್ಳಾರಿಯ ಏಪ್ರಿಲ್ ಅಂದ್ರೆ ಅದೇ ಅಲ್ವಾ? ಬೆವರಿ ಮೈಯ ನೀರು ಆರಿದರೆ ರಕ್ತದಲ್ಲಿ ಯೂರಿಕ್ ಆಸಿಡ್ ಗಟ್ಟಿಯಾಗುತ್ತದೆ, ಹರಳು ಕಟ್ಟುತ್ತದೆ. ನನ್ನ ಲೆಕ್ಕದಲ್ಲಿ ಈ ಚಹಾದ ಅರ್ಧ ಗುಣ ಅದರಲ್ಲಿರುವ ನೀರಿನದ್ದೇ. ಹಿರಿಯರು ಬಾಯಾರಿಕೆ ಆಗಲ್ಲ ಅಂತ ನೀರೇ ಕುಡಿಯಲ್ಲ. ಚೆರ್ರಿ ನೆಪದಲ್ಲಾದರೂ ಎರಡು ಲೋಟ ಒಳಗೆ ಹೋಗಲಿ.

ರಾಯಚೂರು ಪಥ್ಯ
ನೂರಕ್ಕೆ ನೂರು ನಿಜ ಮೇಷ್ಟ್ರೇ. ಜೊತೆಗೆ ಒಂದು ಎಚ್ಚರಿಕೆ. ಗೌಟ್ ಇರುವ ಎಷ್ಟೋ ಜನರಿಗೆ ಕಿಡ್ನಿಯೂ ಸ್ವಲ್ಪ ನಿಧಾನ ಇರುತ್ತದೆ. ಕಿಡ್ನಿ ತೊಂದರೆ ಇದ್ದು ಪೊಟ್ಯಾಸಿಯಂ ಮಿತಿ ಹೇಳಿದ್ದರೆ, ನೀರು ಅಳತೆ ಮಾಡಿ ಕುಡಿಯಿರಿ ಅಂದಿದ್ದರೆ, ಹಣ್ಣಿಗೂ ಚಹಾಕ್ಕೂ ಡಾಕ್ಟರನ್ನು ಕೇಳಿಯೇ ಮುಂದುವರಿಯಿರಿ. ಚೆರ್ರಿಯಲ್ಲಿ 100 ಗ್ರಾಂಗೆ 220 ಮಿಲಿಗ್ರಾಂನಷ್ಟು ಪೊಟ್ಯಾಸಿಯಂ ಇದೆ. ಒಂದೇ ಸಲ ಬೋಗುಣಿ ತುಂಬಾ ತಿಂದರೆ ಕೆಲವರಿಗೆ ಹೊಟ್ಟೆ ಉಬ್ಬರ, ಭೇದಿ ಆಗುತ್ತದೆ. ಅದರಲ್ಲಿರುವ ಸಾರ್ಬಿಟಾಲ್ ಅನ್ನುವ, ಬೇಗ ಜೀರ್ಣ ಆಗದ ಸಿಹಿ ಅಂಶ ಕಾರಣ.

ರಕ್ತ ಕಡಿಮೆ ಇದ್ದು ಕಬ್ಬಿಣದ ಗುಳಿಗೆ ತಗೊಳ್ಳುವ ಹೆಣ್ಣುಮಕ್ಕಳು ಚಹಾ ಪುಡಿ ಹಾಕಿದ ಚಹಾವನ್ನು ಗುಳಿಗೆ ಜೊತೆಗೇ ಕುಡಿಯಬೇಡಿ. ಕಬ್ಬಿಣ ಮೈಗೆ ಹತ್ತಲ್ಲ. ಒಂದೆರಡು ಗಂಟೆ ಅಂತರ ಇರಲಿ.

ಕುಷ್ಟಗಿ ದಾಳಿಂಬೆ
ನಾನು ಮತ್ತೆ ಅದೇ ಹೇಳ್ತೀನಿ, ಬೇಜಾರಾಗಬೇಡಿ. ಜುಲೈ ಮುಗಿದ ಮೇಲೆ ಚೆರ್ರಿ ಇಲ್ಲ. ಆಗ ಏನು ಮಾಡ್ತೀರಿ? ಕೆಂಪು ಪುಂಡಿಯ ದಪ್ಪ ಎಸಳು ಒಣಗಿಸಿ ಇಟ್ಟುಕೊಂಡರೆ ವರ್ಷಪೂರ್ತಿ ಕೆಂಪು ಹುಳಿ ಚಹಾ ಸಿಗುತ್ತದೆ. ಹೊಲದ ಬದುವಿನಲ್ಲಿ ಬೆಳೆಯುವ ಗಿಡ, ಖರ್ಚಿಲ್ಲ. ಇದರದ್ದೂ ಆಂಥೋಸಯನಿನ್ ಬಣ್ಣವೇ. ದೇಶದೇಶಗಳಲ್ಲಿ ಕುಡೀತಾರೆ. ಸುಡಾನ್, ಈಜಿಪ್ಟ್‌ನಲ್ಲಿ ಮದುವೆ ಮನೆಗಳಲ್ಲೂ ಕೊಡ್ತಾರೆ.

ಲಿಂಗಸುಗೂರು ಔಷಧಿ ಅಂಗಡಿ
ಪುಂಡಿ ಎಸಳಿನ ಚಹಾ ಬಿಪಿಯನ್ನು ಸ್ವಲ್ಪ ಇಳಿಸುತ್ತದೆ ಅಂತ ಪ್ರಯೋಗಗಳಲ್ಲಿ ಕಂಡಿದೆ. ಹಾಗಾಗಿ ಬಿಪಿ ಗುಳಿಗೆ ತಗೊಳ್ಳುವವರು ದಿನಾ ಲೋಟಗಟ್ಟಲೆ ಕುಡಿಯೋಕೆ ಮುಂಚೆ ಡಾಕ್ಟರಿಗೆ ಹೇಳಬೇಕು. ಗೌಟ್‌ಗೆ ಚೆರ್ರಿಯ ಬದಲು ಇದೇ ಸಾಕು ಅಂತ ಮಾತ್ರ ಹೇಳೋಕೆ ಆಗಲ್ಲ ಅಣ್ಣಾ.

ಕುಷ್ಟಗಿ ದಾಳಿಂಬೆ
ನಾನು ಗೌಟ್‌ಗೆ ಅಂತ ಹೇಳಲೇ ಇಲ್ಲವಲ್ಲ. ರುಚಿಗೆ, ಬಣ್ಣಕ್ಕೆ, ಸಕ್ಕರೆ ಪಾನಕದ ಬದಲಿಗೆ ಅಂತ ಹೇಳಿದ್ದು. ನಮ್ಮ ಗಿಡಕ್ಕೆ ಮಾತ್ರ ಪುರಾವೆ ಕೇಳ್ತೀರಿ.

ಲಿಂಗಸುಗೂರು ಔಷಧಿ ಅಂಗಡಿ
ಚೆರ್ರಿಗೂ ಕೇಳಿದ್ದೇವೆ. ಮೇಲೆ ಮೇಷ್ಟ್ರು ಬರೆದದ್ದನ್ನು ಓದಿ.

ಸಂಡೂರು ಬೆಟ್ಟ
ಡ್ರೈಫ್ರೂಟ್ ಅಂಗಡಿಯ ಒಣ ಚೆರ್ರಿ ಬಗ್ಗೆಯೂ ಯಾರಾದರೂ ಕೇಳೇ ಕೇಳ್ತಾರೆ, ಮುಂಚೆಯೇ ಹೇಳ್ತೀನಿ. ಪ್ಯಾಕೆಟ್ ಹಿಂದೆ ಓದಿ. ಸಕ್ಕರೆ ಅಂತ ಮೊದಲೆರಡು ಹೆಸರಲ್ಲೇ ಬಂದರೆ ವಾಪಸ್ ಇಡಿ. ಬೆರಳಿಗೆ ಅಂಟಿಕೊಂಡು, ಕಣ್ಣು ಕೋರೈಸುವ ಕೆಂಪು ಇದ್ದರೂ ಬೇಡ. ನಿಜವಾದ ಒಣ ಚೆರ್ರಿ ಕಪ್ಪು ದ್ರಾಕ್ಷಿ ಬಣ್ಣಕ್ಕೆ ಹತ್ತಿರ, ಮೈ ಸುಕ್ಕುಗಟ್ಟಿರುತ್ತದೆ.

ಕೋಟೆ ಬೀದಿ, ಬಳ್ಳಾರಿ
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಪ್ಪನನ್ನು ಪಕ್ಕ ಕೂರಿಸಿಕೊಂಡು ಇಡೀ ಚರ್ಚೆ ಓದಿ ಹೇಳಿದೆ. ಗುಳಿಗೆ ಜೊತೆ ಚೆರ್ರಿ ಇದ್ದಾಗ ಶೇ. 75 ಅನ್ನೋದು ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ "ಹಾಗಾದ್ರೆ ಎರಡೂ ಇರಲಿ" ಅಂದರು. ಗುಳಿಗೆ ನುಂಗಿದ್ದಾರೆ. ಮುಂದಿನ ವಾರ ರಕ್ತ ಪರೀಕ್ಷೆ ಇದೆ, ಅವತ್ತೇ ಕಿಡ್ನಿ ಲೆಕ್ಕವನ್ನೂ ನೋಡಿಸಿ ಪೊಟ್ಯಾಸಿಯಂ ಬಗ್ಗೆ ಕೇಳ್ತೀನಿ. ಅಲ್ಲಿವರೆಗೆ ದಿನಕ್ಕೆ ಹತ್ತು ಹಣ್ಣು, ಸಕ್ಕರೆ ಇಲ್ಲದ ಒಂದು ಲೋಟ ಚಹಾ.

ಅಡುಗೆಮನೆ ಅಕ್ಕಾ, ನೀವು ಹೇಳಿದ ಹಾಗೇ ಮಾಡಿದೆ. ಘಟಕದ ನೀರು ಹಾಕಿದೆ, ಬಣ್ಣ ಚೆನ್ನಾಗಿ ಬಂತು. ಅಮ್ಮನಿಗೆ ಚಕ್ಕೆ ಹಿಡಿಸಲಿಲ್ಲ, ಏಲಕ್ಕಿ ಬೇಕಂತೆ. ಇನ್ನೊಂದೇ ಪ್ರಶ್ನೆ. ಇನ್ನೂ ಅರ್ಧ ಡಬ್ಬಿ ಉಳಿದಿದೆ. ಫ್ರೀಜರ್‌ನಲ್ಲಿ ಇಡಬಹುದಾ?

ಕೊಪ್ಪಳದ ಅಡುಗೆಮನೆ
ಏಲಕ್ಕಿ ಹಾಕಿ, ಅದೂ ಒಪ್ಪುತ್ತದೆ. ಫ್ರೀಜರ್‌ನಲ್ಲಿ ಧಾರಾಳವಾಗಿ ಇಡಬಹುದು. ತೊಳೆದು, ಬಟ್ಟೆಯಲ್ಲಿ ಪೂರ್ತಿ ಒರೆಸಿ, ಬೀಜ ಬಿಡಿಸಿ, ತಟ್ಟೆಯಲ್ಲಿ ಒಂದಕ್ಕೊಂದು ತಾಗದಂತೆ ಹರಡಿ ಗಟ್ಟಿ ಮಾಡಿ. ಆಮೇಲೆ ಡಬ್ಬಿಗೆ ಹಾಕಿದರೆ ಗಡ್ಡೆ ಕಟ್ಟಲ್ಲ. ಚಹಾಕ್ಕೆ ಬೇಕಾದಷ್ಟೇ ತೆಗೆದು ನೇರವಾಗಿ ನೀರಿಗೆ ಹಾಕಿ, ಕರಗಿಸೋ ಕೆಲಸ ಇಲ್ಲ.

ಮಾಜಿ ಸೈನಿಕ, ಸಿರುಗುಪ್ಪ
ಕರೆಂಟ್ ಗಂಟೆಗಟ್ಟಲೆ ಹೋದ ದಿನ ಫ್ರೀಜರ್ ಬಾಗಿಲು ತೆಗೆಯಬೇಡಿ. ಪೂರ್ತಿ ಕರಗಿ ನೀರಾಗಿ, ಬೆಚ್ಚಗೂ ಆಗಿದ್ದರೆ ಮತ್ತೆ ಗಟ್ಟಿ ಮಾಡಬೇಡಿ. ರಕ್ತ ಪರೀಕ್ಷೆ ಆದ ಮೇಲೆ ಏನು ಬಂತು ಅಂತ ಇಲ್ಲೇ ಹಾಕಿ ತಮ್ಮಾ.